ಖರ್ಚು ಎಲ್ಲಿ ಉಳಿಯಿತು? ಅಗ್ಗದ ವೈನಿನ ರುಚಿ ನೋಡುವ, ಬೆಲೆ ಕಟ್ಟುವ ಬಗೆ

(ಮಡಿಕೇರಿಯಲ್ಲಿ ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವವರು ಮತ್ತು ಮನೆಯಲ್ಲಿ ವೈನ್ ತಯಾರಿಸುವವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ಬೆಳೆಗಾರ ಬಂಧುಗಳೇ, ತಾಯಂದಿರೇ,

ಸ್ಪೇನಿನ ಸಾಧಾರಣ ದಿನಸಿ ಅಂಗಡಿಯಲ್ಲಿ ಮೂರು ಯೂರೋ ಕೊಟ್ಟರೆ ಕುಡಿಯಲು ಯೋಗ್ಯವಾದ ಒಂದು ಬಾಟಲಿ ಕೆಂಪು ವೈನ್ ಸಿಗುತ್ತದೆ. ಅದೇ ಬಾಟಲಿ ಭಾರತದ ಬಂದರಿಗೆ ಬಂದಿಳಿಯುವ ಹೊತ್ತಿಗೆ ಸಾಗಣೆ, ವಿಮೆ ಎಲ್ಲ ಸೇರಿ 300 ರೂಪಾಯಿ ಆಯಿತೆಂದು ಲೆಕ್ಕಕ್ಕಾಗಿ ಹಿಡಿಯೋಣ. ಆಮದು ವೈನಿನ ಮೇಲೆ ನಮ್ಮ ದೇಶ ಬಹುಕಾಲ ವಿಧಿಸುತ್ತ ಬಂದ ಸುಂಕ ಶೇ. 150. ಅಂದರೆ 450 ರೂಪಾಯಿ ಸುಂಕ ಸೇರಿ ಆ ಬಾಟಲಿ ಬಂದರಿನಲ್ಲೇ 750 ರೂಪಾಯಿಯದಾಗುತ್ತದೆ. ಅದರ ಮೇಲೆ ಆಮದುದಾರನ ಲಾಭ, ರಾಜ್ಯದ ಅಬಕಾರಿ ತೆರಿಗೆ, ಘಾಟಿ ಹತ್ತಿಸುವ ಲಾರಿ ಬಾಡಿಗೆ, ಅಂಗಡಿಯವರ ಪಾಲು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದವು ಅಲ್ಲಿಂದ ಬರುವ ವೈನಿನ ಸುಂಕವನ್ನು ಇಳಿಸಿತು ನಿಜ. ಆದರೆ ಆ ಇಳಿಕೆ ಬಾಟಲಿಗೆ ಕನಿಷ್ಠ 5 ಡಾಲರ್ ಆಮದು ಬೆಲೆಯಿರುವ ವೈನಿಗೆ ಮೊದಲ ಹಂತದಲ್ಲಿ ಶೇ. 100ಕ್ಕೆ, 15 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 75ಕ್ಕೆ ಎಂದಿತ್ತು. 5 ಡಾಲರಿಗಿಂತ ಕೆಳಗಿನ, ನಿಜವಾಗಿಯೂ ಅಗ್ಗದ ವೈನಿಗೆ ಆ ರಿಯಾಯಿತಿಯ ಬಾಗಿಲೇ ತೆರೆಯಲಿಲ್ಲ. ಜಗತ್ತಿನ ಬಡವರ ವೈನು ನಮ್ಮಲ್ಲಿಗೆ ಬರುವಾಗ ಶ್ರೀಮಂತರ ಬೆಲೆ ಹೊತ್ತೇ ಬರಬೇಕು ಎಂಬಂತೆ ವ್ಯವಸ್ಥೆಯಿದೆ.

ಇದರ ಪರಿಣಾಮವಾಗಿ ನಮ್ಮ ಅಂಗಡಿಗಳ ಕಪಾಟಿನಲ್ಲಿ ಒಂದು ವಿಚಿತ್ರ ನೆರೆಹೊರೆ ಏರ್ಪಟ್ಟಿದೆ. ಚಿಲಿಯ ಅಥವಾ ಆಸ್ಟ್ರೇಲಿಯಾದ ಕೆಳದರ್ಜೆಯ ವೈನು, ನಂದಿ ಬೆಟ್ಟದ ತಪ್ಪಲಿನಲ್ಲೋ ನಾಸಿಕದಲ್ಲೋ ಸಾಕಷ್ಟು ಶ್ರಮವಹಿಸಿ ಮಾಡಿದ ವೈನಿನ ಪಕ್ಕದಲ್ಲಿ ಹೆಚ್ಚುಕಡಿಮೆ ಅದೇ ಬೆಲೆಗೆ ಕುಳಿತಿರುತ್ತದೆ. ವಿದೇಶದ ಹೆಸರು ಕಂಡೊಡನೆ ಕೈ ಆ ಕಡೆಗೇ ಹೋಗುತ್ತದೆ. ಕೊಟ್ಟ ಹಣದಲ್ಲಿ ಎಷ್ಟು ಪಾಲು ಸುಂಕಕ್ಕೆ ಹೋಯಿತು, ಎಷ್ಟು ಪಾಲು ದ್ರಾಕ್ಷಿಗೆ ಹೋಯಿತು ಎಂದು ಕೇಳಿಕೊಳ್ಳುವವರು ಕಡಿಮೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ದುಬಾರಿ ವೈನನ್ನು ಎದುರಿಗಿಟ್ಟುಕೊಂಡವರು ಇದು ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಅಗ್ಗದ ವೈನಿಗೆ ಆ ಪ್ರಶ್ನೆ ಹೊಂದುವುದಿಲ್ಲ. ಅದನ್ನು ಮಾಡಿದವರು ಎಲ್ಲೋ ಒಂದು ಕಡೆ ಖರ್ಚು ಉಳಿಸಿಯೇ ಇರುತ್ತಾರೆ: ಭೂಮಿಯಲ್ಲಿ, ಇಳುವರಿಯಲ್ಲಿ, ಕೂಲಿಯಲ್ಲಿ, ಮರದ ಪೀಪಾಯಿಯಲ್ಲಿ, ಕಾಲದಲ್ಲಿ, ಇಲ್ಲವೇ ಬಾಟಲಿಯಲ್ಲಿ. ಆ ಉಳಿತಾಯ ಎಲ್ಲಿ ಆಗಿದೆ ಎಂಬುದನ್ನು ನಾಲಿಗೆಯಿಂದ ಕಂಡುಹಿಡಿದು, ಅದರಿಂದ ಕುಡಿಯುವವನಿಗೆ ನಷ್ಟವಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದೇ ಅಗ್ಗದ ವೈನನ್ನು ಪರೀಕ್ಷಿಸುವುದು. ಕೆಲವು ಉಳಿತಾಯಗಳಿಂದ ವೈನು ಸೊರಗುತ್ತದೆ. ಕೆಲವುಗಳಿಂದ ಏನೂ ಆಗುವುದಿಲ್ಲ. ಕೆಲವುಗಳಿಂದ, ಆಶ್ಚರ್ಯವೆನಿಸಿದರೂ, ವೈನು ಇನ್ನೂ ಚೆನ್ನಾಗುತ್ತದೆ.

ಈ ಕೆಲಸ ಕೊಡಗಿನವರಿಗೆ ಹೊಸದಲ್ಲ. ಕಾಫಿಯ ಕಪ್ಪಿಂಗ್, ಅಂದರೆ ರುಚಿ ಪರೀಕ್ಷೆ, ನೋಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅಳತೆ ಮಾಡಿದ ಪುಡಿ, ಅಳತೆ ಮಾಡಿದ ಬಿಸಿನೀರು, ಒಂದೇ ಬಗೆಯ ಬಟ್ಟಲುಗಳು, ಯಾವ ತೋಟದ್ದೆಂದು ತಿಳಿಯದಂತೆ ಬರೆದ ಸಂಖ್ಯೆಗಳು, ಚಮಚದಿಂದ ಜೋರಾಗಿ ಹೀರಿ ಉಗುಳುವುದು, ಮೊದಲು ದೋಷ ಹುಡುಕಿ ಆಮೇಲೆ ಗುಣ ಬರೆಯುವುದು. ವೈನಿಗೂ ಶಿಸ್ತು ಇದೇ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1977ರಲ್ಲಿ ಗೊತ್ತುಮಾಡಿದ ರುಚಿ ಪರೀಕ್ಷೆಯ ಗ್ಲಾಸು ಸುಮಾರು 215 ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿ ಸುರಿಯುವುದು 50 ಮಿಲಿಲೀಟರ್ ಮಾತ್ರ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಆ ಗ್ಲಾಸಿನಲ್ಲಿ ವೈನನ್ನು ತಿರುಗಿಸಿದರೆ ಪರಿಮಳ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಅಂಥ ಗ್ಲಾಸು ಇಲ್ಲದಿದ್ದರೆ ಚಿಂತೆಯಿಲ್ಲ, ಎಲ್ಲ ವೈನಿಗೂ ಒಂದೇ ಬಗೆಯ ಗ್ಲಾಸು ಇದ್ದರೆ ಸಾಕು. ಪರೀಕ್ಷೆಗೆ ಮುಂಚೆ ಎಲೆ ಅಡಿಕೆ ಬೇಡ, ಕಾಫಿಯೂ ಬೇಡ. ಕೊಡಗಿನಲ್ಲಿ ನಿಂತು ಕಾಫಿ ಬೇಡ ಎನ್ನುವ ಧೈರ್ಯಕ್ಕೆ ಕ್ಷಮೆಯಿರಲಿ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಬಾಟಲಿಯನ್ನು ಮುಚ್ಚಿಡುವುದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ವಿದ್ಯೆ ಇದರ ಮುಂದೆ ಚಿಕ್ಕದು.

2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಂದೇ ವೈನನ್ನು ಒಮ್ಮೆ 5 ಡಾಲರಿನದೆಂದೂ ಇನ್ನೊಮ್ಮೆ 45 ಡಾಲರಿನದೆಂದೂ ಹೇಳಿ ಕುಡಿಸಿ, ಅದೇ ವೇಳೆಗೆ ಕುಡಿಯುವವರ ಮಿದುಳಿನ ಚಟುವಟಿಕೆಯನ್ನು ಯಂತ್ರದಲ್ಲಿ ಗಮನಿಸಲಾಯಿತು. ಬೆಲೆ ಹೆಚ್ಚೆಂದು ಕೇಳಿದಾಗ ಜನ ಹೆಚ್ಚು ಅಂಕ ಕೊಟ್ಟರು. ಅಷ್ಟೇ ಆಗಿದ್ದರೆ ಮರ್ಯಾದೆಗಾಗಿ ಕೊಟ್ಟರೆಂದು ಹೇಳಬಹುದಿತ್ತು. ಆದರೆ ಸುಖವನ್ನು ದಾಖಲಿಸುವ ಮಿದುಳಿನ ಭಾಗದಲ್ಲೂ ಚಟುವಟಿಕೆ ಹೆಚ್ಚಿತ್ತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ, ಬೆಲೆಯೇ ಅವರ ನಾಲಿಗೆಗೆ ರುಚಿಯಾಗಿ ಬಂದಿತ್ತು. ಅದಕ್ಕೂ ಮುಂಚೆ, 2001ರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಗಿತ್ತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಮೂಗಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಿತ್ತು.

ತೀರ್ಪುಗಾರರ ಕತೆಯೂ ಇದಕ್ಕಿಂತ ಬೇರೆಯಲ್ಲ. ನಿವೃತ್ತ ಪ್ರಾಧ್ಯಾಪಕರೂ ಸ್ವತಃ ವೈನ್ ತಯಾರಕರೂ ಆದ ರಾಬರ್ಟ್ ಹಾಡ್ಜ್‌ಸನ್ ಅವರು ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದು ಸರಳ ಉಪಾಯ ಮಾಡಿದರು. ಒಂದು ಸರದಿಯಲ್ಲಿ ಬರುವ ಸುಮಾರು ಮೂವತ್ತು ಗ್ಲಾಸುಗಳ ನಡುವೆ ಒಂದೇ ಬಾಟಲಿಯಿಂದ ಸುರಿದ ವೈನನ್ನು ಮೂರು ಬಾರಿ ಸೇರಿಸಿದರು. ಮೂರಕ್ಕೂ ಒಂದೇ ದರ್ಜೆಯ ಪದಕ ಕೊಟ್ಟ ತೀರ್ಪುಗಾರರು ಶೇ. 10ರಷ್ಟು ಮಾತ್ರ. ಅದೇ ಮೇಳದಲ್ಲಿ 2007ರಲ್ಲಿ ಕ್ಯಾಲಿಫೋರ್ನಿಯಾದ ಅತ್ಯುತ್ತಮ ಶಾರ್ಡನೆ (ಒಂದು ಬಗೆಯ ಬಿಳಿ ವೈನು) ಎಂದು ಆಯ್ಕೆಯಾದದ್ದು ಚಾರ್ಲ್ಸ್ ಶಾ ಎಂಬ ಹೆಸರಿನ ವೈನು. 2002ರಿಂದ ಬಾಟಲಿಗೆ 1.99 ಡಾಲರಿನಂತೆ ಮಾರಾಟವಾಗುತ್ತ, ಎರಡು ಡಾಲರಿನ ಚಕ್ ಎಂದೇ ಜನ ಕರೆಯುತ್ತಿದ್ದ ವೈನು ಅದು. ಈ ಸುದ್ದಿಯನ್ನು ಅಗ್ಗದ ವೈನಿನ ವಿಜಯವೆಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಡ್ಜ್‌ಸನ್ ಅವರ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದು ಪದಕದಿಂದ ಯಾವ ವೈನಿನ ಯೋಗ್ಯತೆಯೂ ಸಿದ್ಧವಾಗುವುದಿಲ್ಲ, ಅಗ್ಗದ್ದಾಗಲಿ ದುಬಾರಿಯದಾಗಲಿ. ಇನ್ನೊಂದು ದೊಡ್ಡ ಅಧ್ಯಯನ 6,000ಕ್ಕೂ ಹೆಚ್ಚು ಮುಚ್ಚಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿತು. ತರಬೇತಿಯಿಲ್ಲದವರು ಸರಾಸರಿಯಲ್ಲಿ ದುಬಾರಿ ವೈನನ್ನು ಸ್ವಲ್ಪ ಕಡಿಮೆಯೇ ಮೆಚ್ಚಿದರು, ತರಬೇತಿ ಪಡೆದವರಲ್ಲಿ ಮಾತ್ರ ಅದರ ಕಡೆಗೆ ತುಸು ಒಲವು ಕಂಡಿತು.

ಆದ್ದರಿಂದ ಮನೆಯಲ್ಲೋ ಹೋಂಸ್ಟೇಯಲ್ಲೋ ಪರೀಕ್ಷೆ ಮಾಡುವಾಗ ಬಾಟಲಿಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ, ಸುತ್ತಿದವರು ಸುರಿಯದೆ ಇನ್ನೊಬ್ಬರು ಸುರಿಯಲಿ. ಯಾರೂ ಬಾಯಿ ತೆರೆಯುವ ಮೊದಲು ಎಲ್ಲರೂ ತಮ್ಮ ಅಂಕ ಬರೆದಿಡಲಿ, ಇಲ್ಲದಿದ್ದರೆ ಮನೆಯ ಹಿರಿಯರ ರುಚಿಯೇ ಎಲ್ಲರ ರುಚಿಯಾಗುತ್ತದೆ. ಸಾಲಿನಲ್ಲಿ ಒಂದು ವೈನನ್ನು ಗುಟ್ಟಾಗಿ ಎರಡು ಸಲ ಇಡಿ. ಆ ಎರಡಕ್ಕೂ ಹತ್ತಿರದ ಅಂಕ ಬಂದರೆ ಮಾತ್ರ ಅಂದಿನ ಉಳಿದ ಅಂಕಗಳನ್ನು ನಂಬಬಹುದು.

ಈಗ ಗ್ಲಾಸಿನ ಒಳಗೆ ಹೋಗೋಣ. ವೈನಿನ ಮೈಕಟ್ಟು ನಾಲ್ಕು ಅಂಶಗಳ ಮೇಲೆ ನಿಂತಿದೆ: ಹುಳಿ, ಸಿಹಿ, ಒಗರು, ಮದ್ಯಸಾರದ ಕಾವು. ಹುಳಿ ಬಾಯಿಯಲ್ಲಿ ನೀರೂರಿಸುತ್ತದೆ, ಒಗರು ಬಾಯಿಯನ್ನು ಒಣಗಿಸುತ್ತದೆ. ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್‌ನಿಂದ. ರಸವನ್ನು ಸಿಪ್ಪೆಯ ಜೊತೆ ಹುದುಗಿಸುವುದರಿಂದ ಅದು ಕೆಂಪು ವೈನಿನಲ್ಲೇ ಹೆಚ್ಚು. ಸಿಹಿಯ ವಿಷಯದಲ್ಲಿ ಎಚ್ಚರ ಬೇಕು. ಅಗ್ಗದ ವೈನಿನ ತಯಾರಕರಿಗೆ ಸಿಹಿ ಬಲು ದೊಡ್ಡ ಆಸರೆ. ಹಣ್ಣು ಸರಿಯಾಗಿ ಮಾಗದೆ ಹಸಿ ಒಗರು ಉಳಿದಿದ್ದರೆ, ಲೀಟರಿಗೆ ಏಳೆಂಟು ಗ್ರಾಂ ಸಕ್ಕರೆ ಉಳಿಸಿಕೊಂಡರೆ ಸಾಕು, ಮೊದಲ ಗುಟುಕಿನಲ್ಲಿ ಆ ಒಗರು ಕಾಣುವುದಿಲ್ಲ. ಮೂರನೆಯ ಗುಟುಕಿಗೆ ಅದು ಜಿಗುಟಾಗಿ ನಾಲಿಗೆಯ ಮೇಲೆ ಕೂರುತ್ತದೆ. ಬಿಳಿ ವೈನಿನಲ್ಲಿ ಈ ಮರೆಮಾಚುವಿಕೆಗೆ ತಂಪು ಸಹಾಯ ಮಾಡುತ್ತದೆ: ಐಸಿನಷ್ಟು ತಣ್ಣಗಿದ್ದಾಗ ಪರಿಮಳವೂ ದೋಷವೂ ಎರಡೂ ಅಡಗಿರುತ್ತವೆ. ಬಿಳಿ ವೈನನ್ನು 10 ಡಿಗ್ರಿಯ ಸುತ್ತಮುತ್ತ ಒಮ್ಮೆ ಕುಡಿದು, ಗ್ಲಾಸನ್ನು ಹಾಗೇ ಬಿಟ್ಟು, ಅದು 16–17 ಡಿಗ್ರಿಗೆ ಬಂದ ಮೇಲೆ ಇನ್ನೊಮ್ಮೆ ಕುಡಿಯಿರಿ. ಆಗಲೂ ಹಿತವಾಗಿದ್ದರೆ ಆ ವೈನು ಪ್ರಾಮಾಣಿಕವಾದದ್ದು. ಕೆಂಪು ವೈನಿಗೆ ಯುರೋಪಿನ ಪುಸ್ತಕಗಳು ಹೇಳುವ ಕೋಣೆಯ ಉಷ್ಣತೆ ಎಂದರೆ 16–18 ಡಿಗ್ರಿ. ಬೆಂಗಳೂರಿನ ಏಪ್ರಿಲ್ ತಿಂಗಳಿಗೆ ಅದು ಸಲ್ಲದು, ಮಡಿಕೇರಿಯ ಡಿಸೆಂಬರ್ ಸಂಜೆಗೆ ಚೆನ್ನಾಗಿ ಸಲ್ಲುತ್ತದೆ.

ಇಳುವರಿಯ ಮಾತಿಗೆ ಬರೋಣ. ಫ್ರಾನ್ಸಿನ ಬರ್ಗಂಡಿಯ ಅತ್ಯುನ್ನತ ದರ್ಜೆಯ ತೋಟಗಳಲ್ಲಿ ಹೆಕ್ಟೇರಿಗೆ ಮೂರೂವರೆಯಿಂದ ನಾಲ್ಕು ಸಾವಿರ ಲೀಟರ್ ವೈನು ತೆಗೆಯುತ್ತಾರೆ. ಆಸ್ಟ್ರೇಲಿಯಾದ ಮರ್ರೆ ನದಿಯ ನೀರಾವರಿ ಬಯಲಿನಂಥ ಕಡೆಗಳಲ್ಲಿ ಅದು ಹದಿನೈದು ಸಾವಿರ ಲೀಟರನ್ನೂ ಮೀರುತ್ತದೆ. ಕೊಯ್ಲು ಯಂತ್ರದ್ದು, ಭೂಮಿ ಸಮತಟ್ಟು, ನೀರು ಧಾರಾಳ. ಲೀಟರಿನ ಖರ್ಚು ಸಹಜವಾಗಿ ಇಳಿಯುತ್ತದೆ. ಈ ಉಳಿತಾಯ ನಾಲಿಗೆಗೆ ಕಾಣುವುದು ವೈನಿನ ನಡುಭಾಗದಲ್ಲಿ. ಮೊದಲ ಕ್ಷಣ ಹಣ್ಣಿನ ಪರಿಮಳವಿರುತ್ತದೆ, ಕೊನೆಯಲ್ಲಿ ಮದ್ಯಸಾರದ ಕಾವಿರುತ್ತದೆ, ನಡುವೆ ಪೊಳ್ಳು. ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿದರೆ, ಇಂಥ ವೈನಿನಲ್ಲಿ ಮೂರು ನಾಲ್ಕು ಎಣಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇಲ್ಲಿ ಕೊಡಗಿನವರಿಗೆ ಆಸಕ್ತಿ ಹುಟ್ಟಿಸುವ ವಿಷಯವೊಂದಿದೆ. ಶಿರಾಜ್ ದ್ರಾಕ್ಷಿಯ ಒಳ್ಳೆಯ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುತ್ತದೆ ಎಂದು ಹಿಂದಿನಿಂದಲೂ ಹೇಳುತ್ತಿದ್ದರು. ಬಹಳ ಮಂದಿ ಅದನ್ನು ಕವಿಮಾತು ಎಂದುಕೊಂಡಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವನ್ನು ಗುರುತಿಸಿದರು. ನಿಮ್ಮ ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿರುವ ಬಳ್ಳಿಯ ಮೆಣಸಿನಲ್ಲಿ ಇರುವುದೂ ಅದೇ. ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ ಎಂಬುದೂ ಆಗ ಗೊತ್ತಾಯಿತು. ಪಕ್ಕದಲ್ಲಿ ಕೂತವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಜಗಳ ಬೇಡ. ತಂಪು ಪ್ರದೇಶದಲ್ಲಿ ನಿಧಾನವಾಗಿ ಮಾಗಿದ ಹಣ್ಣಿನಲ್ಲಿ ಅದು ಹೆಚ್ಚು, ಬಿಸಿ ಬಯಲಿನ ಹಣ್ಣಿನಲ್ಲಿ ಕಡಿಮೆ. ಹಾಗಾಗಿ ಅಗ್ಗದ ಶಿರಾಜ್‌ನಲ್ಲಿ ಮೆಣಸಿನ ಬದಲು ಕುದಿಸಿದ ಜಾಮಿನ ವಾಸನೆ ಮಾತ್ರ ಬಂದರೆ, ಹಣ್ಣು ಎಂಥ ನೆಲದಿಂದ ಬಂದಿದೆ ಎಂಬುದಕ್ಕೆ ಅದು ಸಾಕಷ್ಟು ಒಳ್ಳೆಯ ಸುಳಿವು.

ಪೀಪಾಯಿಯ ಲೆಕ್ಕ ಇನ್ನೂ ಸುಲಭ. ಬೋರ್ಡೋದ ಓಕ್ ಮರದ ಪೀಪಾಯಿ 225 ಲೀಟರ್ ಹಿಡಿಯುತ್ತದೆ, ಅಂದರೆ 300 ಬಾಟಲಿ. ಹೊಸ ಫ್ರೆಂಚ್ ಪೀಪಾಯಿಗೆ 900 ಯೂರೋ ಎಂದು ಹಿಡಿದರೆ, ಒಂದೇ ಸಲ ಬಳಸಿದಾಗ ಬಾಟಲಿಗೆ ಮರದ ಖರ್ಚೇ ಮೂರು ಯೂರೋ. ಮೂರು ಯೂರೋಗೆ ಮಾರುವ ವೈನಿನಲ್ಲಿ ವೆನಿಲ್ಲಾದ ಘಮ, ಸುಟ್ಟ ಬ್ರೆಡ್ಡಿನ ಘಮ ಗಾಢವಾಗಿ ಬಂದರೆ ಅದು ಪೀಪಾಯಿಯಿಂದ ಬಂದದ್ದಾಗಿರಲು ಸಾಧ್ಯವಿಲ್ಲ. ಉಕ್ಕಿನ ತೊಟ್ಟಿಯೊಳಗೆ ಓಕ್ ಚೂರುಗಳನ್ನೋ ಹಲಗೆಗಳನ್ನೋ ಮುಳುಗಿಸಿ ತೆಗೆದದ್ದು. ಇದು ಮೋಸವಲ್ಲ, ಯುರೋಪಿನ ಒಕ್ಕೂಟವೂ 2006ರಲ್ಲಿ ಇದಕ್ಕೆ ಅನುಮತಿ ಕೊಟ್ಟಿದೆ. ಆದರೆ ಚೂರುಗಳಿಂದ ಬಂದ ವಾಸನೆ ಹಣ್ಣಿನ ಜೊತೆ ಬೆರೆಯದೆ ಪ್ರತ್ಯೇಕವಾಗಿ ನಿಂತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಅಗ್ಗದ ವೈನು ಓಕಿನ ಗೋಜಿಗೆ ಹೋಗದಿರುವುದೇ ಲೇಸು. ಉಕ್ಕಿನ ತೊಟ್ಟಿಯಲ್ಲಿ ತಂಪಾಗಿ ಹುದುಗಿಸಿ ಬೇಗ ಬಾಟಲಿಗೆ ತುಂಬಿದ ವೈನಿನಲ್ಲಿ ಹಣ್ಣಿನ ರುಚಿಯಾದರೂ ನೇರವಾಗಿರುತ್ತದೆ.

ಪೋರ್ಚುಗಲ್ಲಿನ ವಾಯವ್ಯ ಮೂಲೆಯ ವಿನ್ಯೋ ವೆರ್ದೆ ಈ ಮಾತಿಗೆ ಸಾಕ್ಷಿ. ಮಳೆ ಹೆಚ್ಚಿರುವ ಹಸಿರು ಸೀಮೆ ಅದು. ವೈನು ಹಗುರ, ಹುಳಿ ಚುರುಕು, ಮದ್ಯಸಾರ ಬಹಳ ಬಾಟಲಿಗಳಲ್ಲಿ ಶೇ. 9ರಿಂದ 11, ನಾಲಿಗೆಯ ಮೇಲೆ ತುಸು ಗಾಳಿಗುಳ್ಳೆ. ಕೊಯ್ಲಾದ ಮರುವರ್ಷವೇ ಕುಡಿದು ಮುಗಿಸಬೇಕಾದ ಈ ವೈನಿನಲ್ಲಿ ಕಾಲವನ್ನೂ ಮರವನ್ನೂ ಉಳಿಸಿದ್ದೇ ಗುಣವಾಗಿದೆ. ಸ್ಪೇನಿನ ಕಾವಾ ಎಂಬ ನೊರೆ ವೈನು ಇನ್ನೊಂದು ಬಗೆಯ ಉದಾಹರಣೆ. ಶಾಂಪೇನ್‌ನಂತೆಯೇ ಅದರ ನೊರೆ ಬಾಟಲಿಯೊಳಗಿನ ಎರಡನೆಯ ಹುದುಗುವಿಕೆಯಿಂದ ಬರುತ್ತದೆ, ಕನಿಷ್ಠ ಒಂಬತ್ತು ತಿಂಗಳು ಯೀಸ್ಟಿನ ಗಷ್ಟಿನ ಮೇಲೆ ಮಲಗಿರಬೇಕೆಂಬ ನಿಯಮವಿದೆ. ಆ ಗಷ್ಟನ್ನು ಬಾಟಲಿಯ ಕುತ್ತಿಗೆಗೆ ಇಳಿಸಲು ಕೈಯಿಂದ ವಾರಗಟ್ಟಲೆ ತಿರುಗಿಸುವ ಕೆಲಸವನ್ನು, ನೂರಾರು ಬಾಟಲಿಗಳನ್ನು ಒಟ್ಟಿಗೆ ತಿರುಗಿಸುವ ಗೈರೋಪ್ಯಾಲೆಟ್ ಎಂಬ ಯಂತ್ರ ಕೆಲವೇ ದಿನಗಳಲ್ಲಿ ಮಾಡುತ್ತದೆ. ಉಳಿದದ್ದು ಕೂಲಿ, ಕುಡಿಯುವವನಿಗೆ ಒಂದು ಹನಿಯೂ ನಷ್ಟವಿಲ್ಲ. ಇಟಲಿಯ ಪ್ರೊಸೆಕ್ಕೋದಲ್ಲಿ ನೊರೆ ಬರುವುದು ದೊಡ್ಡ ತೊಟ್ಟಿಯಲ್ಲಿ. ಅದು ಹಗುರವಾದ ಬೇರೆ ಜಾತಿ, ಕಾವಾದ ಜೊತೆ ಹೋಲಿಸಿ ಅಂಕ ಕಳೆಯುವುದು ಸರಿಯಲ್ಲ.

ದಕ್ಷಿಣ ಅಮೆರಿಕದ ಅಗ್ಗಕ್ಕೆ ಪ್ರಕೃತಿಯೇ ಕಾರಣ. ಅರ್ಜೆಂಟೀನಾದ ಮೆಂಡೋಸಾದಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ ಮೂರು ಸಾವಿರವನ್ನೂ ದಾಟುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸಿ ಕೊಳೆರೋಗದ ಜೊತೆ ಹೋರಾಡಿದ ನಿಮಗೆ ಆ ಎರಡು ಸಂಖ್ಯೆಗಳ ನಡುವಿನ ಖರ್ಚು ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಆ ದ್ರಾವಣಕ್ಕೆ ಹೆಸರು ಕೊಟ್ಟದ್ದು ವೈನಿನ ಊರೇ. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿಯ ಬೂಜುರೋಗಕ್ಕಾಗಿ ಅದು ಹುಟ್ಟಿತು. ಮೆಂಡೋಸಾಕ್ಕೆ ಆಂಡೀಸ್ ಪರ್ವತದ ಹಿಮ ಕರಗಿದ ನೀರು ಕಾಲುವೆಯಲ್ಲಿ ಬರುತ್ತದೆ, ಎತ್ತರದಿಂದಾಗಿ ರಾತ್ರಿ ತಂಪು, ರೋಗ ಕಡಿಮೆ. ಅಲ್ಲಿನ ಮಾಲ್ಬೆಕ್ ಎಂಬ ಕೆಂಪು ವೈನು ಅಗ್ಗದಲ್ಲೂ ಬಣ್ಣ, ಹಣ್ಣು ಎರಡರಲ್ಲೂ ತುಂಬಿಕೊಂಡಿರುತ್ತದೆ. ಚಿಲಿಯಲ್ಲಿ ಇನ್ನೊಂದು ಅನುಕೂಲವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳುಮಾಡಿದ ಫಿಲಾಕ್ಸೆರಾ ಕೀಟ ಅಲ್ಲಿಗೆ ತಲುಪಲೇ ಇಲ್ಲ. ಬಳ್ಳಿಗಳನ್ನು ಕಸಿ ಮಾಡದೆ ಸ್ವಂತ ಬೇರಿನ ಮೇಲೇ ಬೆಳೆಸಬಹುದು. ಅಲ್ಲಿ ಮೆರ್ಲೋ ಎಂಬ ದ್ರಾಕ್ಷಿಯೆಂದು ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ನಿಜಕ್ಕೂ ಕಾರ್ಮೆನೇರ್ ಎಂಬ ಬೇರೆ ಜಾತಿ ಎಂದು ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೋ 1994ರಲ್ಲಿ ಗುರುತಿಸಿದರು. ಕಾರ್ಮೆನೇರ್ ಮೆರ್ಲೋಗಿಂತ ವಾರಗಳಷ್ಟು ತಡವಾಗಿ ಮಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದರೆ ಒಂದು ಹಸಿಯಾಗಿರುತ್ತದೆ. ಇಂದಿಗೂ ಅಗ್ಗದ ಕಾರ್ಮೆನೇರ್‌ನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಜೋರಾಗಿದ್ದರೆ, ಕೊಯ್ಲಿಗೆ ಕಾಯುವುದರಲ್ಲಿ ಜಿಪುಣತನ ಮಾಡಿದ್ದಾರೆ ಎಂದು ತಿಳಿಯಬೇಕು.

ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್ ಬಗ್ಗೆ ಒಂದೇ ಮಾತು: ಅಗ್ಗದ ಬಿಳಿ ವೈನುಗಳಲ್ಲಿ ನಾನು ಮೊದಲು ಕೈಹಾಕುವುದು ಅದಕ್ಕೇ. ಸ್ಪೇನಿನ ಗರ್ನಾಚಾ, ಅದರಲ್ಲೂ ಕಾಂಪೋ ದೆ ಬೋರ್ಹಾ ಮತ್ತು ಕಲತಯೂದ್ ಸೀಮೆಯದು, ಕೆಂಪಿನಲ್ಲಿ ಅದೇ ಗೌರವಕ್ಕೆ ಅರ್ಹ. ಭೂಮಿ ಅಗ್ಗ, ಬಳ್ಳಿಗಳು ಹಳೆಯವು, ಹೆಸರು ಮಾತ್ರ ಇನ್ನೂ ದೊಡ್ಡದಾಗಿಲ್ಲ. ಖ್ಯಾತಿಯ ಖರ್ಚನ್ನು ಉಳಿಸಿದ ವೈನು ಎಂದರೆ ಇದು.

ಇನ್ನು ದೋಷಗಳು. ಬಿರಡೆಯ ದೋಷವೆಂದು ಕರೆಯುವ ಮುಗ್ಗಲು ವಾಸನೆಗೆ ಕಾರಣ ಟಿಸಿಎ ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಕಾಫಿ ವ್ಯಾಪಾರದಲ್ಲಿರುವವರು ರಿಯೋ ವಾಸನೆ ಎಂದು ಯಾವುದನ್ನು ತಿರಸ್ಕರಿಸುತ್ತಾರೋ ಅದರ ಹಿಂದಿರುವುದೂ ಇದೇ ಟಿಸಿಎ, ಆದ್ದರಿಂದ ನಿಮ್ಮಲ್ಲಿ ಹಲವರ ಮೂಗು ಈಗಾಗಲೇ ತರಬೇತಾಗಿದೆ. ತಿರುಪು ಮುಚ್ಚಳದ ಬಾಟಲಿಯಲ್ಲಿ ಈ ದೋಷ ಬಹಳ ಅಪರೂಪ. ತಿರುಪು ಮುಚ್ಚಳ ಕಂಡರೆ ಕೀಳು ಎಂದುಕೊಳ್ಳುವ ಅತಿಥಿಗಳಿಗೆ, 2000ನೇ ಇಸವಿಯ ತಮ್ಮ ಒಳ್ಳೆಯ ರೀಸ್ಲಿಂಗ್ ಬಿಳಿ ವೈನನ್ನೇ ಅದರಲ್ಲಿ ತುಂಬಿದ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ತಯಾರಕರ ಉದಾಹರಣೆ ಕೊಡಿ. ನಮ್ಮ ದೇಶದಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಬೇರೆಯೇ, ಅದು ಬಿಸಿಲಿನದು. ಬಂದರಿನಿಂದ ಗೋದಾಮಿಗೆ, ಅಲ್ಲಿಂದ ಬೆಟ್ಟಕ್ಕೆ ಬರುವ ದಾರಿಯಲ್ಲಿ ಬೆಂದ ವೈನು ಬಾಡಿದ ಸೇಬಿನಂತೆ, ಒಣಹಣ್ಣಿನಂತೆ ನಾರುತ್ತದೆ, ಬಿಳಿ ವೈನಿನ ಬಣ್ಣ ಕಂದಿರುತ್ತದೆ. ಇದರಲ್ಲಿ ತಯಾರಕರ ತಪ್ಪೇನಿಲ್ಲ, ಆದರೆ ಹಣ ಕೊಟ್ಟವರು ನಾವು. ಬಾಟಲಿಯ ಮೇಲಿನ ಇಸವಿ ನೋಡಿ. ಅಗ್ಗದ ಬಿಳಿ ವೈನು ನಾಲ್ಕೈದು ವರ್ಷ ಹಳೆಯದಾಗಿದ್ದರೆ ಕಪಾಟಿನಲ್ಲೇ ಬಿಟ್ಟುಬನ್ನಿ.

ಊಟದ ಜೊತೆ ನೋಡದೆ ಅಂತಿಮ ಅಂಕ ಕೊಡಬಾರದು. ಅಗ್ಗದ ವೈನು ಹುಟ್ಟಿದ್ದೇ ಊಟಕ್ಕಾಗಿ. ನಮ್ಮ ಪಂದಿ ಕರಿಯಲ್ಲಿ ಕೊಬ್ಬಿದೆ, ಹುರಿದ ಮಸಾಲೆಯಿದೆ, ಮೆಣಸಿನ ಖಾರವಿದೆ, ಎಲ್ಲದರ ಮೇಲೆ ಕಾಚಂಪುಳಿಯ ಗಾಢ ಹುಳಿಯಿದೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನು ಸಪ್ಪೆಯಾಗುತ್ತದೆ. ಖಾರ ಹೆಚ್ಚಾದರೆ ವೈನಿನ ಒಗರೂ ಕಾವೂ ಎರಡೂ ಚುಚ್ಚುತ್ತವೆ. ಇವೆರಡನ್ನು ನೆನಪಿಟ್ಟರೆ, ಮದ್ಯಸಾರ ಶೇ. 14.5 ಇರುವ, ಓಕ್ ಚೂರುಗಳ ಮೃದುವಾದ ಕೆಂಪು ವೈನು ಪಂದಿ ಕರಿಗೆ ಏಕೆ ಹೊಂದುವುದಿಲ್ಲ ಎಂಬುದು ತಿಳಿಯುತ್ತದೆ. ಹುಳಿ ಹೆಚ್ಚು ಒಗರು ಕಡಿಮೆ ಇರುವ ಇಟಲಿಯ ಬಾರ್ಬೆರಾ ಎಂಬ ಕೆಂಪು ವೈನು, ತುಸು ತಂಪು ಮಾಡಿ ಕೊಟ್ಟರೆ, ಕಡುಂಬುಟ್ಟಿನ ಜೊತೆಗೂ ಅಕ್ಕಿ ಒಟ್ಟಿಯ ಜೊತೆಗೂ ಸಲೀಸಾಗಿ ಹೋಗುತ್ತದೆ. ಮಳೆಗಾಲದ ಕಳಲೆ ಪಲ್ಯಕ್ಕೆ ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನು ಸರಿ. ಒಂಟಿಯಾಗಿ ಕುಡಿದಾಗ ತೀರಾ ಹುಳಿ ಎಂದು ಎರಡು ಅಂಕ ಕಳೆದುಕೊಂಡ ವೈನು ಊಟದ ಮೇಜಿನ ಮೇಲೆ ಆ ಅಂಕವನ್ನು ಮರಳಿ ಪಡೆಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಕೊನೆಯದಾಗಿ ಮನೆ ವೈನು, ಏಕೆಂದರೆ ಅದರ ಬಗ್ಗೆ ಕೇಳದೆ ನೀವು ನನ್ನನ್ನು ಕಳುಹಿಸುವುದಿಲ್ಲ. ಇಲ್ಲಿ ದ್ರಾಕ್ಷಿ ವೈನು ಮಾಡುವವರು ಬಹುಮಟ್ಟಿಗೆ ಬಳಸುವುದು ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯಿಂದ ಬರುವ ಬೆಂಗಳೂರು ಬ್ಲೂ ಹಣ್ಣನ್ನು. ಅದರಲ್ಲಿ ಅಮೆರಿಕದ ಲಾಬ್ರುಸ್ಕಾ ದ್ರಾಕ್ಷಿಯ ರಕ್ತವಿದೆ. ಅದರಿಂದ ಬರುವ ಘಾಟು ಘಮ ಹಣ್ಣಿನ ಹುಟ್ಟುಗುಣ, ದೋಷವಲ್ಲ, ಹಾಗಾಗಿ ಅದಕ್ಕೆ ಅಂಕ ಕಳೆಯಬಾರದು. ಅಂಕ ಕಳೆಯಬೇಕಾದದ್ದು ಎರಡಕ್ಕೆ. ಒಂದು, ಉಗುರಿನ ಬಣ್ಣದಂಥ ವಾಸನೆ ಮತ್ತು ವಿನೆಗರ್‌ನ ಚುರುಕು; ಹುದುಗುವಿಕೆ ನಿಂತ ಮೇಲೆ ಅರ್ಧ ಖಾಲಿ ಭರಣಿಯಲ್ಲಿ ಗಾಳಿ ನಿಂತಾಗ ಬರುವಂಥದು. ಇನ್ನೊಂದು, ಸಕ್ಕರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಮದ್ಯಸಾರ ಹುಟ್ಟುತ್ತದೆ. ಲೀಟರಿಗೆ 180 ಗ್ರಾಂ ಸಕ್ಕರೆಯಿರುವ ರಸದಿಂದಲೇ ಶೇ. 10ಕ್ಕೂ ಹೆಚ್ಚು ಬರುತ್ತದೆ. ಅದರ ಮೇಲೆ ಕಿಲೋ ಹಣ್ಣಿಗೆ ಕಿಲೋ ಸಕ್ಕರೆ ಸುರಿದರೆ ಯೀಸ್ಟು ಕೈಚೆಲ್ಲುತ್ತದೆ, ಉಳಿದ ಸಕ್ಕರೆಯೆಲ್ಲ ಪಾಕವಾಗಿ ಗ್ಲಾಸಿಗೆ ಬರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಹೈಡ್ರೋಮೀಟರ್ ಒಂದನ್ನು ತಂದು ರಸದ ಸಕ್ಕರೆ ಅಳೆದು, ಶೇ. 12ಕ್ಕೆ ಬೇಕಾದಷ್ಟನ್ನೇ ಸೇರಿಸಿ, ಹುದುಗುವಿಕೆ ನಿಂತ ಮೇಲೆ ಭರಣಿಯನ್ನು ಕುತ್ತಿಗೆಯವರೆಗೆ ತುಂಬಿಸಿಡಿ. ಮಾರುವ ಉದ್ದೇಶವಿದ್ದರೆ ಅಬಕಾರಿ ಪರವಾನಗಿ ಬೇಕೆಂಬುದು ನಿಮಗೆ ಗೊತ್ತೇ ಇದೆ.

ಮುಂದಿನ ಮೇಜಿನ ಮೇಲೆ ಸುತ್ತಿಟ್ಟಿರುವ ಬಾಟಲಿಗಳಲ್ಲಿ ಒಂದು ಇಲ್ಲಿಯ ಮನೆಯೊಂದರಲ್ಲಿ ಮಾಡಿದ್ದು, ಒಂದು ನಂದಿ ಸೀಮೆಯದು, ಉಳಿದವು ಆಮದಾದವು. ಒಂದು ವೈನು ಎರಡು ಸಂಖ್ಯೆಗಳಲ್ಲಿ ಇದೆ. ಬಿಳಿಯಿಂದ ಆರಂಭಿಸಿ, ಉಗುಳಲು ಪಾತ್ರೆ ಇಟ್ಟಿದೆ, ಅಂಕ ಬರೆದು ಚೀಟಿಯನ್ನು ಮಡಿಸಿ ಕೊಟ್ಟ ಮೇಲೆ ಮಾತನಾಡಬಹುದು.